ಕಡಲತಳಕ್ಕೆ ‘ಮೇಲೆ’ ಯಾವ ಕಡೆ?

ಸಾವಿರಾರು ಫೋಟೊ ತೆಗೆದರೆ ಸಮುದ್ರದ ತಳವನ್ನು ಕಂಪ್ಯೂಟರಿನೊಳಗೆ ಮತ್ತೆ ಕಟ್ಟಬಹುದು. ಹವಳದ ಒಂದೊಂದು ತೂತೂ ಕಾಣುತ್ತದೆ. ಕಾಣದ್ದು ಒಂದೇ, ಆಕಾಶ ಯಾವ ಕಡೆಗಿತ್ತು ಎನ್ನುವುದು. ಅದನ್ನು ಬರೆದುಕೊಂಡು ಬರದಿದ್ದರೆ ಇಳಿಜಾರು ಬಯಲಾಗುತ್ತದೆ, ತಗ್ಗು ದಿಬ್ಬವಾಗುತ್ತದೆ, ಬೆಳೆದ ಹವಳ ಕುಗ್ಗಿದಂತೆ ತೋರುತ್ತದೆ!

ಪರದೆಯ ಮೇಲೆ ಒಂದು ಗೋಡೆ ಎದ್ದು ನಿಂತಿದೆ. ಗೋಡೆಯ ತುಂಬ ಹವಳ. ಕವಲೊಡೆದದ್ದು, ಉಂಡೆಗಟ್ಟಿದ್ದು, ಚಪ್ಪಟೆಯಾಗಿ ಹರಡಿದ್ದು. ನಡುನಡುವೆ ಬಿಳಿ ಮರಳು. ಒಂದು ಮೂಲೆಯಲ್ಲಿ ಸಮುದ್ರಸೌತೆ ಬಿದ್ದುಕೊಂಡಿದೆ, ಅದು ಮರಳಿನಲ್ಲಿ ತೆವಳಿದ ಗೆರೆಯೂ ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಕಣ್ಣಿಗೆ ಏನೋ ಇರುಸುಮುರುಸು. ನೆಟ್ಟಗೆ ನಿಂತ ಗೋಡೆಗೆ ಮರಳು ಹೇಗೆ ಅಂಟಿಕೊಂಡಿತು? ಒಂದು ಕಣವೂ ಏಕೆ ಜಾರುತ್ತಿಲ್ಲ?

ಮೌಸ್ ಹಿಡಿದು ತಿರುಗಿಸಿದರೆ ಗೋಡೆ ಮಲಗಿ ನೆಲವಾಗುತ್ತದೆ. ಇನ್ನೊಂದಿಷ್ಟು ತಿರುಗಿಸಿದರೆ ಅದೇ ನೆಲ ಸೂರಾಗಿ ನೆತ್ತಿಯ ಮೇಲೆ ಬರುತ್ತದೆ. ಆಗಲೂ ಮರಳು ಉದುರುವುದಿಲ್ಲ. ಕಂಪ್ಯೂಟರಿಗೆ ಮೂರೂ ಒಂದೇ. ನೆಲ, ಗೋಡೆ, ಸೂರು ಎಂಬ ಭೇದ ಮಾಡುವುದು ಗುರುತ್ವ. ಗುರುತ್ವ ಫೋಟೊದಲ್ಲಿ ಬೀಳುವುದಿಲ್ಲ.

ಈ ಮಾತು ಈಗ ಎತ್ತಲು ಕಾರಣವಿದೆ. ಮಳೆಗಾಲದ ಅಬ್ಬರ ಇಳಿದು ಅರಬ್ಬಿ ಸಮುದ್ರ ತಿಳಿಯಾಗುತ್ತಿದ್ದಂತೆ ಮುರುಡೇಶ್ವರದಿಂದ ನೇತ್ರಾಣಿಯತ್ತ ಡೈವಿಂಗ್ ದೋಣಿಗಳು ಮತ್ತೆ ಹೊರಡುತ್ತವೆ. ದಡದಿಂದ ಸುಮಾರು 19 ಕಿ.ಮೀ. ದೂರದ ಆ ನಡುಗಡ್ಡೆಯ ಸುತ್ತ ಹವಳವಿದೆ. ಮುಳುಗಿ ಬರುವವರ ಕೈಯಲ್ಲಿ ಈಗ ಪುಟ್ಟ ಕ್ಯಾಮೆರಾ ಇದ್ದೇ ಇರುತ್ತದೆ. ಫೋಟೊಗಳಿಂದ ಮೂರು ಆಯಾಮದ ಮಾದರಿ ಕಟ್ಟುವ ಸಾಫ್ಟ್‌ವೇರ್ ಮನೆಯ ಲ್ಯಾಪ್‌ಟಾಪಿಗೂ ಸಿಗುತ್ತದೆ. ನೀರೇ ಇಲ್ಲದ ಟೈಟಾನಿಕ್ ಅನ್ನು ಮೊಬೈಲಿನಲ್ಲಿ ನೋಡಿದ ಮೇಲಂತೂ ಈ ಹುಚ್ಚು ಹೆಚ್ಚಿದೆ.

ಆ ಟೈಟಾನಿಕ್ ಮಾದರಿ ಲೋಕಕ್ಕೆ ಕಂಡದ್ದು 2023ರ ಮೇ ತಿಂಗಳಲ್ಲಿ. ಅದರ ಹಿಂದಿನ ವರ್ಷ ಮೆಗೆಲನ್ ಎಂಬ ಆಳಸಮುದ್ರ ಸರ್ವೇ ಕಂಪನಿಯ ಯಂತ್ರಗಳು 3,800 ಮೀಟರ್ ಆಳದಲ್ಲಿ 200 ಗಂಟೆಗೂ ಹೆಚ್ಚು ಕಾಲ ಓಡಾಡಿ 7 ಲಕ್ಷಕ್ಕೂ ಹೆಚ್ಚು ಫೋಟೊ ತೆಗೆದಿದ್ದವು. ಎಲ್ಲರೂ ಮಾತಾಡಿದ್ದು ಫೋಟೊಗಳ ಸಂಖ್ಯೆಯನ್ನು. ಹಡಗು ಕೆಸರಿನಲ್ಲಿ ಎಷ್ಟು ವಾಲಿ ಕೂತಿದೆ ಎಂದು ಹೇಳಬೇಕಾದರೆ ಆ 7 ಲಕ್ಷದಲ್ಲಿ ಒಂದು ಫೋಟೊವೂ ತಾನಾಗಿ ಬಾಯಿ ಬಿಡುವುದಿಲ್ಲ ಎನ್ನುವುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಬಾಕಿ ಉಳಿಯುವ ಏಳು ಅಂಕಿ

ಫೋಟೊದಿಂದ ಅಳತೆ ತೆಗೆಯುವ ಈ ವಿದ್ಯೆಯ ಹೆಸರು ಫೋಟೊಗ್ರಾಮೆಟ್ರಿ. ಡೈವರ್ ತಳದಿಂದ ಒಂದೆರಡು ಮೀಟರ್ ಮೇಲೆ ತೇಲುತ್ತ, ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಈಜುತ್ತ ಸೆಕೆಂಡಿಗೊಂದು ಫೋಟೊ ತೆಗೆಯುತ್ತಾನೆ. ಒಂದು ಫೋಟೊದ ಮುಕ್ಕಾಲು ಭಾಗ ಪಕ್ಕದ ಫೋಟೊದಲ್ಲೂ ಇರಬೇಕು. ಅದೇ ಕಲೆ, ಅದೇ ಬಿರುಕು ಬೇರೆ ಬೇರೆ ಫೋಟೊಗಳಲ್ಲಿ ಎಲ್ಲೆಲ್ಲಿ ಬಿದ್ದಿದೆ ಎಂದು ಸಾಫ್ಟ್‌ವೇರ್ ಹುಡುಕುತ್ತದೆ. ಹಾಗೆ ಬೀಳಬೇಕಾದರೆ ಕ್ಯಾಮೆರಾ ಎಲ್ಲಿತ್ತು, ಕಲ್ಲು ಎಲ್ಲಿತ್ತು ಎಂಬುದನ್ನು ಒಟ್ಟಿಗೇ ಲೆಕ್ಕ ಹಾಕುತ್ತದೆ.

ಲೆಕ್ಕ ಮುಗಿದಾಗ ಸಿಗುವುದು ಆಕಾರ. ಬರೀ ಆಕಾರ. ಹತ್ತು ಮೀಟರಿನ ದಿಬ್ಬವೋ ಹತ್ತು ಸೆಂಟಿಮೀಟರಿನ ಗುಬುಟೋ ತಿಳಿಯದು. ಭೂಮಿಯ ಮೇಲೆ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂಬುದೂ ತಿಳಿಯದು. ಗಣಿತದವರು ಇದನ್ನು ಏಳು ಅಂಕಿಗಳ ಬಾಕಿ ಎನ್ನುತ್ತಾರೆ. ಗಾತ್ರಕ್ಕೆ 1, ಸ್ಥಾನಕ್ಕೆ 3, ತಿರುವಿಗೆ 3.

ನೆಲದ ಮೇಲೆ ಡ್ರೋನ್ ಹಾರಿಸುವವರಿಗೆ ಈ ತಲೆನೋವು ಕಡಿಮೆ. ಪ್ರತಿ ಫೋಟೊದ ಜೊತೆ ಜಿಪಿಎಸ್ ತಾನೇ ಅಕ್ಷಾಂಶ, ರೇಖಾಂಶ, ಎತ್ತರ ಬರೆದಿಡುತ್ತದೆ. ಉಪಗ್ರಹದಿಂದ ಬರುವ ಆ ಸಂಕೇತ ನೀರಿಗೆ ಬಿದ್ದೊಡನೆ ಸತ್ತುಹೋಗುತ್ತದೆ. ನೀರಿನಡಿಯಲ್ಲಿ ಏಳು ಅಂಕಿಗಳನ್ನೂ ಕೈಯಾರೆ ಗಳಿಸಬೇಕು.

ಗಾತ್ರದ್ದು ಸುಲಭ. ಅಳತೆ ಗೊತ್ತಿರುವ ಕೋಲೊಂದನ್ನು ತಳದಲ್ಲಿ ಇಟ್ಟು ಫೋಟೊ ತೆಗೆದರೆ ಆಯಿತು. ಸ್ಥಾನಕ್ಕೆ, ಗುರುತಿನ ಮೇಲೆ ತೇಲುಬುಂಡೆ ಕಟ್ಟಿ ಮೇಲಿನಿಂದ ಜಿಪಿಎಸ್ ಹಿಡಿಯಬಹುದು. ನಾಲ್ಕಾರು ಮೀಟರ್ ಆಚೀಚೆಯಾದರೂ ಪ್ರಪಂಚ ಮುಳುಗುವುದಿಲ್ಲ. ಉತ್ತರಕ್ಕೆ ದಿಕ್ಸೂಚಿ ಇದೆ. ಕಬ್ಬಿಣದ ಹಡಗಿನ ಪಕ್ಕ ಇಟ್ಟರೆ ಅದು ಹಡಗಿನ ಮಾತು ಕೇಳುತ್ತದೆ, ದೂರ ಇಟ್ಟರೆ ಭೂಮಿಯ ಮಾತು.

ಹೀಗೆ ಏಳರಲ್ಲಿ ಐದು ಹೇಗೋ ಸಿಕ್ಕಿಬಿಡುತ್ತವೆ. ಉಳಿಯುವುದು ಎರಡು. ಮಾದರಿ ಹಿಂದೆ-ಮುಂದೆ ಎಷ್ಟು ವಾಲಿದೆ, ಎಡ-ಬಲಕ್ಕೆ ಎಷ್ಟು ವಾಲಿದೆ ಎಂಬ ಎರಡು ಅಂಕಿ. ಕತೆ ಕೆಡುವುದು ಅಲ್ಲಿಯೇ.

ಗುಳ್ಳೆಗೆ ಗೊತ್ತು, ಫೋಟೊಗೆ ಗೊತ್ತಿಲ್ಲ

ಮಂಕು ನೀರಿನಲ್ಲಿ ದಿಕ್ಕು ತಪ್ಪಿದ ಡೈವರಿಗೆ ಗುರುಗಳು ಹೇಳಿಕೊಡುವ ಮೊದಲ ಉಪಾಯ, ನಿನ್ನ ಉಸಿರಿನ ಗುಳ್ಳೆ ನೋಡು ಎಂಬುದು. ಗುಳ್ಳೆ ಹೋದ ಕಡೆ ಮೇಲೆ. ಮೈ ತೂಕ ಕಳೆದುಕೊಂಡು, ಸುತ್ತ ಎಲ್ಲವೂ ಒಂದೇ ನೀಲಿಯಾದಾಗ ಒಳಗಿವಿಯ ಮಾತನ್ನು ನಂಬುವಂತಿಲ್ಲ. ಗುಳ್ಳೆ ಸುಳ್ಳು ಹೇಳುವುದಿಲ್ಲ.

ತಮಾಷೆ ನೋಡಿ. ಆ ಗುಳ್ಳೆಗಳು ಎಷ್ಟೋ ಫೋಟೊಗಳಲ್ಲಿ ಬಿದ್ದಿರುತ್ತವೆ. ಆದರೆ ಒಂದು ಫೋಟೊದಿಂದ ಇನ್ನೊಂದಕ್ಕೆ ಜಾಗ ಬದಲಿಸುವ ಎಲ್ಲವನ್ನೂ ಸಾಫ್ಟ್‌ವೇರ್ ಕಸವೆಂದು ಬಿಸಾಡುತ್ತದೆ. ಮೀನು, ತೇಲುವ ಕಣ, ಗುಳ್ಳೆ ಎಲ್ಲಕ್ಕೂ ಒಂದೇ ಗತಿ. ‘ಮೇಲೆ’ ಯಾವ ಕಡೆ ಎಂದು ಬಲ್ಲ ಒಬ್ಬನೇ ಸಾಕ್ಷಿಯನ್ನು ಮೊದಲ ಸುತ್ತಿನಲ್ಲೇ ಹೊರಗೆ ಕಳಿಸಿ ವಿಚಾರಣೆ ಮುಂದುವರಿಯುತ್ತದೆ.

ನಮ್ಮ ಕಣ್ಣನ್ನಾದರೂ ನಂಬೋಣವೆಂದರೆ ಅದೂ ಪಕ್ಷಪಾತಿ. ಬೆಳಕು ಮೇಲಿನಿಂದಲೇ ಬೀಳುತ್ತದೆ ಎಂದು ಅದು ನಂಬಿಕೊಂಡಿದೆ. ಮರಳಿನ ಗುಳಿಯ ಚಿತ್ರವನ್ನು ತಲೆಕೆಳಗು ಮಾಡಿದರೆ ಅದೇ ಗುಳಿ ಗುಡ್ಡೆಯಾಗಿ ಕಾಣುತ್ತದೆ. ಊರಿನ ಫೋಟೊ ಓರೆಯಾದರೆ ತೆಂಗಿನ ಮರ, ಲೈಟು ಕಂಬ, ಮನೆಯ ಮೂಲೆ ಕೂಡಲೇ ದೂರು ಹೇಳುತ್ತವೆ. ಕಡಲತಳದಲ್ಲಿ ನೆಟ್ಟಗಿರುವುದು ಯಾವುದೂ ಇಲ್ಲ. ಹವಳವೂ ಬೆಳಕು ಸಿಕ್ಕ ಕಡೆಗೆ ವಾಲಿಕೊಂಡು ಬೆಳೆಯುತ್ತದೆ.

ಒಂದು ಡಿಗ್ರಿಯ ಬೆಲೆ

ಸ್ವಲ್ಪ ವಾಲಿದರೆ ಏನಂತೆ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. 10 ಮೀಟರ್ ಉದ್ದದ ತುಂಡೊಂದು ಒಂದೇ ಒಂದು ಡಿಗ್ರಿ ವಾಲಿದರೆ, ಒಂದು ತುದಿ ಇನ್ನೊಂದಕ್ಕಿಂತ 17.5 ಸೆಂ.ಮೀ. ಮೇಲೇಳುತ್ತದೆ. ಬಂಡೆಯ ಹಾಗೆ ಗಟ್ಟಿಯಾಗಿ ಬೆಳೆಯುವ ಪೊರೈಟಿಸ್ ಜಾತಿಯ ಹವಳ ವರ್ಷಕ್ಕೆ ಎತ್ತರವಾಗುವುದು ಹೆಚ್ಚುಕಡಿಮೆ 1 ಸೆಂ.ಮೀ. ಅಂದರೆ ಒಂದು ಡಿಗ್ರಿಯ ಉಪೇಕ್ಷೆ ತುದಿಯ ಹವಳಕ್ಕೆ ಹದಿನೇಳು ವರ್ಷ ಆಯಸ್ಸು ಕೊಡಬಲ್ಲದು, ಅಥವಾ ಕಿತ್ತುಕೊಳ್ಳಬಲ್ಲದು. ಕಣ್ಣಿಗೆ ಮಾತ್ರ ಒಂದು ಡಿಗ್ರಿ ಕಾಣುವುದೇ ಇಲ್ಲ.

ಇದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿದೆ, ಅದು ಬಹಳ ಅಚ್ಚುಕಟ್ಟಾಗಿ ಕಾಣುವಂಥದ್ದು. ಮಾದರಿ ಓರೆಯಾಗಿ ಬಂದಾಗ ಹೆಚ್ಚಿನವರು ಮಾಡುವುದು ಇಷ್ಟು. ತಳಕ್ಕೆ ಹೊಂದುವ ಒಂದು ಸಮತಲವನ್ನು ಕಂಪ್ಯೂಟರಿನಲ್ಲಿ ಎಳೆದು, ಅದೇ ಮಟ್ಟ ಎಂದು ಘೋಷಿಸಿ, ಇಡೀ ಮಾದರಿಯನ್ನು ಅದರ ಮೇಲೆ ಮಲಗಿಸಿಬಿಡುವುದು. ಪರದೆಯ ಮೇಲೆ ಎಲ್ಲ ಚೆನ್ನಾಗಿ ಕೂರುತ್ತದೆ. ಆದರೆ ಹವಳದ ದಿಬ್ಬ ನಿಜಕ್ಕೂ 30 ಡಿಗ್ರಿ ಇಳಿಜಾರಾಗಿದ್ದರೆ? ಆ ಇಳಿಜಾರು ಒಂದು ಕ್ಲಿಕ್ಕಿನಲ್ಲಿ ಮಾಯ.

ಇಳಿಜಾರು ಅಲಂಕಾರವಲ್ಲ, ಅದೇ ಮಾಹಿತಿ. ಬಿಸಿಲು ಎಷ್ಟು ಬೀಳುತ್ತದೆ, ಹೂಳು ನಿಲ್ಲುತ್ತದೋ ಜಾರುತ್ತದೋ, ಅಲೆಯ ಪೆಟ್ಟು ಎಲ್ಲಿಗೆ ಎಂಬುದನ್ನೆಲ್ಲ ತೀರ್ಮಾನಿಸುವುದು ಅದು. ಇನ್ನೂ ಒಂದಿದೆ. 30 ಡಿಗ್ರಿ ಇಳಿಜಾರಿನ 100 ಚದರ ಮೀಟರ್ ನೆಲವನ್ನು ನೆತ್ತಿಯಿಂದ ನೋಡಿದರೆ 87 ಚದರ ಮೀಟರ್ ಮಾತ್ರ ಕಾಣುತ್ತದೆ. ಒಬ್ಬರು ಮಲಗಿಸಿ ಅಳೆದು, ಇನ್ನೊಬ್ಬರು ಇದ್ದಂತೆಯೇ ಬಿಟ್ಟು ಅಳೆದರೆ, ಚದರ ಮೀಟರಿಗೆ ಎಷ್ಟು ಹವಳ ಎಂಬ ಇಬ್ಬರ ಲೆಕ್ಕ ಎಂದೂ ತಾಳೆಯಾಗದು. ಹವಳ ಕಡಿಮೆಯಾಯಿತೆಂದು ಹೇಳುವ ಪತ್ರಿಕಾ ಸುದ್ದಿಗೆ ಇಷ್ಟು ವ್ಯತ್ಯಾಸ ಸಾಕೇ ಸಾಕು.

▌ಬಾಕ್ಸ್: ತಿರುಗಿಸಿದರೆ ಹೋಗದ ದೋಷ

*ಓರೆಯಾದದ್ದನ್ನು ತಿರುಗಿಸಿ ಸರಿಮಾಡಬಹುದು. ಬಾಗಿದ್ದನ್ನು ಆಗದು. ಕ್ಯಾಮೆರಾವನ್ನು ಉದ್ದಕ್ಕೂ ನೇರ ಕೆಳಮುಖವಾಗಿಯೇ ಹಿಡಿದು ಸಾಲು ಸಾಲಾಗಿ ಫೋಟೊ ತೆಗೆದರೆ, ಲೆನ್ಸಿನ ಸಣ್ಣ ಡೊಂಕು ಕೂಡುತ್ತ ಹೋಗಿ ಸಮತಟ್ಟಾದ ತಳವೂ ಗುಮ್ಮಟವಾಗಿಯೋ ಬಟ್ಟಲಾಗಿಯೋ ಬಾಗಿ ಬರುತ್ತದೆ. ಕ್ಯಾಮೆರಾ ಪೆಟ್ಟಿಗೆಯ ಗಾಜು ಚಪ್ಪಟೆಯಾಗಿದ್ದರೆ ನೀರಿನಲ್ಲಿ ಬೆಳಕು ಬಾಗುವುದರಿಂದ ವಸ್ತುಗಳು ಮೂರನೇ ಒಂದು ಪಾಲು ದೊಡ್ಡದಾಗಿಯೂ ಕಾಣುತ್ತವೆ. ಅರೆಗೋಳದ ಗಾಜು, ಅಡ್ಡ ಸಾಲುಗಳು, ನಡುನಡುವೆ ಓರೆಯಾಗಿ ತೆಗೆದ ಫೋಟೊಗಳು ಇದಕ್ಕೆ ಮದ್ದು. ಮೊದಲು ಬಾಗನ್ನು ಕಳೆಯಬೇಕು, ಆಮೇಲೆ ಮಟ್ಟ ನೋಡಬೇಕು.*

ಯಾಸಿ ಅಡಾದ ಕಬ್ಬಿಣದ ಮೆಟ್ಟಿಲು

ಕಂಪ್ಯೂಟರ್ ಇಲ್ಲದ ಕಾಲದವರು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದರು. ತುರ್ಕಿಯ ಬೊದ್ರುಮ್ ಊರಿನ ಬಳಿ ಯಾಸಿ ಅಡಾ ಎಂಬ ಸಣ್ಣ ದ್ವೀಪವಿದೆ. ಸ್ಪಂಜು ಹೆಕ್ಕುವ ಮುಳುಗುಗಾರರು ತೋರಿಸಿಕೊಟ್ಟ ಹಳೆಯ ಹಡಗೊಂದನ್ನು ಅಗೆಯಲು 1961ರಲ್ಲಿ ಅಮೆರಿಕದ ಜಾರ್ಜ್ ಬಾಸ್ ಅಲ್ಲಿಗೆ ಹೋದರು. 7ನೇ ಶತಮಾನದ ಬೈಜಾಂಟೈನ್ ವ್ಯಾಪಾರಿ ಹಡಗು. ಒಡಲ ತುಂಬ ಸುಮಾರು 900 ಮಣ್ಣಿನ ಹೂಜಿಗಳು. ತೂಕದ ಕೋಲಿನ ಮೇಲೆ ಜಾರ್ಜ್ ಎಂಬ ನಾವಿಕನ ಹೆಸರು. ಅಗೆಯಲು ಬಂದವರ ಹೆಸರೂ ಅದೇ ಆದದ್ದು ಕಾಕತಾಳೀಯ.

ಹಡಗು ಬಿದ್ದಿದ್ದು 32ರಿಂದ 39 ಮೀಟರ್ ಆಳದ ಇಳಿಜಾರಿನಲ್ಲಿ. ಒಂದು ತುದಿಯಿಂದ ಇನ್ನೊಂದಕ್ಕೆ ಏಳು ಮೀಟರ್ ಇಳಿತ. ಅಷ್ಟು ಆಳದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಸಿಗುವುದು ಕೆಲವೇ ನಿಮಿಷ, ಅದೂ ಸಾರಜನಕದ ಅಮಲಿನಲ್ಲಿ ತಲೆ ಅರ್ಧ ಮಾತ್ರ ಕೆಲಸ ಮಾಡುವ ನಿಮಿಷಗಳು. ತಳದಲ್ಲಿ ಕೂತು ಚಿತ್ರ ಬಿಡಿಸುತ್ತ ಹೋದರೆ ಮುಗಿಯುವ ಕೆಲಸವಲ್ಲ. ಬಾಸ್ ತಂಡ ಫೋಟೊದ ಮೊರೆಹೋಯಿತು. ಆದರೆ ಫೋಟೊ ತೆಗೆಯುವ ಮೊದಲು ಅವರು ಮಾಡಿದ ಕೆಲಸವನ್ನು ಇವತ್ತಿನ ಅವಸರದವರು ನೋಡಬೇಕು.

ಇಳಿಜಾರಿನ ಉದ್ದಕ್ಕೂ ಕಬ್ಬಿಣದ ಚೌಕಟ್ಟುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದರು. ಕಾಲುಗಳ ಎತ್ತರ ಹೊಂದಿಸಿ, ಪ್ರತಿ ಮೆಟ್ಟಿಲನ್ನೂ ಮಟ್ಟಕ್ಕೆ ತಂದರು. ಮಟ್ಟವಾದ ಮೇಲೆ ಅದರ ಮೇಲೆ ಗೋಪುರ ಇಟ್ಟು, ಗೋಪುರದ ತುದಿಗೆ ಕ್ಯಾಮೆರಾ ಇಟ್ಟು, ನೇರ ಕೆಳಕ್ಕೆ ಫೋಟೊ ತೆಗೆದರು. ಹಗುರವಾದ ಮರದ ಚೂರುಗಳು ತೇಲಿಹೋಗದಂತೆ ಸೈಕಲ್ ಚಕ್ರದ ಕಡ್ಡಿಗಳನ್ನು ಚೂಪು ಮಾಡಿ ನೆಲಕ್ಕೆ ಚುಚ್ಚಿ ಹಿಡಿದರು. ಕ್ಯಾಮೆರಾ ಬರುವ ಮೊದಲೇ ‘ಮೇಲೆ’ ಯಾವುದು ಎಂದು ಕಬ್ಬಿಣದಲ್ಲಿ ತೀರ್ಮಾನವಾಗಿತ್ತು.

1964ರಲ್ಲಿ ಅಶೇರಾ ಎಂಬ ಇಬ್ಬರು ಕೂರುವ ಪುಟ್ಟ ಜಲಾಂತರ್ಗಾಮಿ ಬಂತು, ಹೊರಗೆ ಜೋಡಿ ಕ್ಯಾಮೆರಾ ಕಟ್ಟಿ ಅಲ್ಲಿ ಮುಳುಗಿದ್ದ ಹಡಗೊಂದರ ಮೇಲೆ ಹಾಯಿಸಿದರು. ಇವತ್ತಿನ ನೀರಡಿಯ ಫೋಟೊಗ್ರಾಮೆಟ್ರಿಗೆ ಅಜ್ಜ ಅಂತ ಯಾರನ್ನಾದರೂ ಕರೆಯುವುದಾದರೆ ಅದನ್ನೇ ಕರೆಯಬೇಕು. ವೇಗ ಬಂತು, ಚೌಕಟ್ಟು ಹೋಯಿತು. ಮಟ್ಟದ ಸಮಸ್ಯೆ ಕಬ್ಬಿಣದಿಂದ ಕಾಗದಕ್ಕೆ ವರ್ಗವಾಯಿತು.

ಮೇಸ್ತ್ರಿಯ ಪೈಪು ತಲೆಕೆಳಗಾಗಿ

ಹಾಗಾದರೆ ಕ್ಯಾಮೆರಾ ಹಿಡಿದ ಬಡ ಡೈವರ್ ಏನು ಮಾಡಬೇಕು? ಆಳಸಮುದ್ರದ ಶ್ರೀಮಂತ ಯಂತ್ರಗಳಲ್ಲಿ ಒತ್ತಡಮಾಪಕ, ಗೈರೊ, ಓರೆ ಅಳೆಯುವ ಉಪಕರಣ ಎಲ್ಲ ಒಳಗೇ ಇರುತ್ತವೆ. ಮಾಲ್ಟಾದ ಗೋಜೊ ದ್ವೀಪದ ಬಳಿ 110 ಮೀಟರ್ ಆಳದಲ್ಲಿರುವ ಫಿನೀಷಿಯನ್ ಹಡಗಿಗೆ 2014ರಲ್ಲಿ ಇಳಿದದ್ದು ಮನುಷ್ಯರು ಕೂತ ಜಲವಾಹನ. ಅದಕ್ಕೆ ಕಟ್ಟಿದ ಕ್ಯಾಮೆರಾಗಳ ನಡುವಿನ ಅಂತರ ಮೊದಲೇ ಗೊತ್ತಿದ್ದರೆ ಗಾತ್ರವೂ ತಾನಾಗಿ ಸಿಗುತ್ತದೆ. ಹತ್ತು ಮೀಟರ್ ಆಳದಲ್ಲಿ ಈಜುವವನ ಹತ್ತಿರ ಇರುವುದು ಮಣಿಕಟ್ಟಿನ ಡೈವ್ ಕಂಪ್ಯೂಟರ್, ಒಂದು ಪ್ಲಾಸ್ಟಿಕ್ ಸ್ಲೇಟು, ಒಂದು ಪೆನ್ಸಿಲು.

ಅಷ್ಟು ಸಾಕು. ಇದನ್ನೇ ನಾನು ಒತ್ತಿ ಹೇಳಬೇಕೆಂದಿರುವುದು.

ಮನೆ ಕಟ್ಟುವಾಗ ನಮ್ಮ ಮೇಸ್ತ್ರಿಗಳು ನೀರು ತುಂಬಿದ ಪಾರದರ್ಶಕ ಪೈಪನ್ನು ಎರಡು ಮೂಲೆಗಳಲ್ಲಿ ಹಿಡಿದು ಮಟ್ಟ ನೋಡುತ್ತಾರಲ್ಲ, ಅದೇ ಉಪಾಯ ನೀರಡಿಯಲ್ಲೂ ನಡೆಯುತ್ತದೆ, ತಲೆಕೆಳಗಾಗಿ. ಪೈಪಿನಲ್ಲಿ ನೀರಿನ ಬದಲು ಗಾಳಿ, ಎರಡೂ ಬಾಯಿ ಕೆಳಮುಖ. ಒಳಗಿನ ಗಾಳಿಯ ಒತ್ತಡ ಎಲ್ಲೆಡೆ ಒಂದೇ ಆದ್ದರಿಂದ ಎರಡೂ ಬಾಯಲ್ಲಿ ನೀರು ಏರಿ ನಿಲ್ಲುವ ಗೆರೆ ಒಂದೇ ಮಟ್ಟದಲ್ಲಿರುತ್ತದೆ. ನೀರಡಿಯ ಪುರಾತತ್ವದವರು ಇದನ್ನು ಎಂದಿನಿಂದಲೋ ಬಳಸುತ್ತ ಬಂದಿದ್ದಾರೆ. ರಸಮಟ್ಟವೂ ನೀರಿನಲ್ಲಿ ಕೆಲಸ ಮಾಡುತ್ತದೆ, ಗಾಜಿನೊಳಗಿನ ಗುಳ್ಳೆಗೆ ಹೊರಗೆ ಏನಿದೆ ಎಂಬುದು ಬೇಕಿಲ್ಲ. ತೂಕದ ಗುಂಡೂ ಆದೀತು. ದಾರದ ತುದಿಗೆ ಬೆಂಡು ಕಟ್ಟಿ ಮೇಲಕ್ಕೆ ಬಿಟ್ಟರೂ ಆದೀತು. ಆದರೆ ನೀರಿನ ಸೆಳೆತ ದಾರವನ್ನು ಬಾಗಿಸುತ್ತದೆ, ಬಾಗಿದ್ದು ಫೋಟೊದಲ್ಲಿ ನೇರವಾಗಿದ್ದಂತೆಯೇ ಕಾಣುತ್ತದೆ.

ಹೆಚ್ಚು ಜನ ನೆಚ್ಚಿಕೊಂಡಿರುವುದು ಆಳವನ್ನು. ತಳದಲ್ಲಿ ಒಂದಿಷ್ಟು ಗುರುತುಗಳನ್ನು ಇಟ್ಟು, ಪ್ರತಿ ಗುರುತಿನ ಮೇಲೂ ಡೈವ್ ಕಂಪ್ಯೂಟರ್ ಒತ್ತಿ ಹಿಡಿದು ಆಳ ಬರೆದುಕೊಳ್ಳುವುದು. ಸಮುದ್ರದ ಮೇಲ್ಮೈ ನಮಗೆ ಪುಕ್ಕಟೆ ಸಿಕ್ಕ ಅತಿ ದೊಡ್ಡ ರಸಮಟ್ಟ. ಅದರಿಂದ ಎಷ್ಟು ಕೆಳಗೆ ಎಂಬ ನಾಲ್ಕಾರು ಅಂಕಿ ಸಿಕ್ಕರೆ, ಆ ಅಂಕಿಗಳಿಗೆ ಹೊಂದುವ ತನಕ ಮಾದರಿಯನ್ನು ತಿರುಗಿಸುವುದು ಸಾಫ್ಟ್‌ವೇರಿಗೆ ಚಿಟಿಕೆಯ ಕೆಲಸ.

ಹೇಳಿದಷ್ಟು ಸಲೀಸೂ ಅಲ್ಲ. ಡೈವ್ ಕಂಪ್ಯೂಟರ್ ತೋರಿಸುವ ಕೊನೆಯ ಅಂಕಿ 10 ಸೆಂಟಿಮೀಟರಿನದು. ಗುರುತುಗಳು 2 ಮೀಟರ್ ಅಂತರದಲ್ಲಿದ್ದರೆ ಅಷ್ಟೇ ಅನುಮಾನ ಸುಮಾರು 3 ಡಿಗ್ರಿ ಓರೆಗೆ ಸಮ. 10 ಮೀಟರ್ ಅಂತರದಲ್ಲಿದ್ದರೆ ಅರ್ಧ ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ ಗುರುತು ದೂರ ದೂರ ಇರಲಿ. ಎಲ್ಲ ಗುರುತಿಗೂ ಒಂದೇ ಕಂಪ್ಯೂಟರ್ ಇರಲಿ. ಅದು ಎಲ್ಲ ಕಡೆ ಒಂದೇ ಸಮ 30 ಸೆಂ.ಮೀ. ಹೆಚ್ಚು ತೋರಿಸಿದರೂ ಓರೆಗೆ ಬಾಧಕವಿಲ್ಲ, ಇಬ್ಬರ ಕೈಯ ಎರಡು ಕಂಪ್ಯೂಟರ್ ಬೆರೆತರೆ ಬಾಧಕವಿದೆ. ಮೇಲೆ ಅಲೆ ಹಾಯುತ್ತಿದ್ದರೆ ಅಂಕಿ ಕುಣಿಯುತ್ತದೆ, ಒಂದು ನಿಮಿಷ ಕಾದು ಸರಾಸರಿ ಹಿಡಿಯಬೇಕು.

ಗುರುತು ಮೂರೇ ಇದ್ದರೆ ಇನ್ನೊಂದು ಅಪಾಯ. ಮೂರು ಬಿಂದುಗಳಿಗೆ ಮಾದರಿಯನ್ನು ಯಾವಾಗಲೂ ಹೊಂದಿಸಬಹುದು. ತಪ್ಪು ಬರೆದುಕೊಂಡಿದ್ದರೂ ಹೊಂದುತ್ತದೆ, ದೋಷ ಸೊನ್ನೆ ಎಂದೇ ಪರದೆ ತೋರಿಸುತ್ತದೆ. ನಾಲ್ಕನೆಯದು ಬಂದಾಗ ಮಾತ್ರ ಯಾರೋ ಸುಳ್ಳು ಹೇಳುತ್ತಿದ್ದಾರೆಂಬುದು ಹೊರಬೀಳುತ್ತದೆ, ಐದು ಆರು ಇದ್ದರೆ ಅದು ಯಾರೆಂಬುದೂ. ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಉತ್ಖನನದಲ್ಲಿ ನಿಕ್ ರೂಲ್ ಎಂಬವರು ಟೇಪಿನ ಅಳತೆಗಳಿಗೆ ಇದೇ ತತ್ವ ಹಚ್ಚಿದ್ದರು. ಬೇಕಾದ್ದಕ್ಕಿಂತ ಹೆಚ್ಚು ಅಳತೆ ತೆಗೆದುಕೊಂಡು, ಅವುಗಳ ಜಗಳವನ್ನು ಕಂಪ್ಯೂಟರಿನಿಂದ ಬಗೆಹರಿಸುವ ವಿಧಾನ.

▌ಬಾಕ್ಸ್: ನೀವು ಅಳೆಯುವಾಗ ಕಡಲು ಸುಮ್ಮನಿರುವುದಿಲ್ಲ

*ಒಂದು ಗುರುತಿನಿಂದ ಇನ್ನೊಂದಕ್ಕೆ ಈಜುವಷ್ಟರಲ್ಲಿ ಭರತ ಏರುತ್ತಿರುತ್ತದೆ. ಉಬ್ಬರ-ಇಳಿತದ ಅಂತರ 2 ಮೀಟರ್ ಇರುವ ಕಡೆ, ನಡು ಭರತದಲ್ಲಿ 10 ನಿಮಿಷಕ್ಕೆ ಸುಮಾರು 8 ಸೆಂ.ಮೀ. ವ್ಯತ್ಯಾಸ. ಅಂತರ 10 ಮೀಟರ್ ದಾಟುವ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಾದರೆ ಅದೇ 10 ನಿಮಿಷಕ್ಕೆ ಸುಮಾರು 40 ಸೆಂ.ಮೀ. ಮದ್ದು ಎರಡು: ಭರತ ಪೂರ್ತಿಯಾಗಿ ನಿಂತ ಹೊತ್ತಿನಲ್ಲಿ ಅಳೆಯುವುದು, ಇಲ್ಲವೇ ಮೊದಲ ಗುರುತಿಗೆ ಕೊನೆಯಲ್ಲಿ ಮತ್ತೆ ಹೋಗಿ ಎಷ್ಟು ಬದಲಾಗಿದೆ ನೋಡಿ ಕಳೆಯುವುದು.*

▌ಬಾಕ್ಸ್: ಒಂದು ಗೀಟು ತಪ್ಪಿದರೆ

*ನಾವಿಕರಿಗೆ ಆಳ ಹೆಚ್ಚಿದಷ್ಟೂ ಅಂಕಿ ದೊಡ್ಡದು. ಸಾಫ್ಟ್‌ವೇರಿಗೆ ಎತ್ತರ ಹೆಚ್ಚಿದಷ್ಟೂ ಅಂಕಿ ದೊಡ್ಡದು. ಆದ್ದರಿಂದ 12 ಮೀಟರ್ ಆಳವನ್ನು ಮೈನಸ್ 12 ಎಂದು ಕೊಡಬೇಕು. ಗೀಟು ಮರೆತರೆ ಆಳದ ಕಡೆ ಎತ್ತರವಾಗಿ, ದಡದತ್ತ ಏರಬೇಕಾದ ತಳ ಕಡಲಿನತ್ತ ಏರುತ್ತದೆ. ಹೆಚ್ಚುಕಡಿಮೆ ಸಮತಟ್ಟಾದ ತಳದಲ್ಲಿ ಇದು ಯಾರ ಕಣ್ಣಿಗೂ ಬೀಳದೆ ನುಸುಳಬಲ್ಲದು.*

ಯಾರ ‘ಮೇಲೆ’?

ಮೇರಿ ರೋಸ್ ಎಂದೆ. ಎಂಟನೇ ಹೆನ್ರಿಯ ಆ ಯುದ್ಧನೌಕೆ 1545ರಲ್ಲಿ ಪೋರ್ಟ್ಸ್‌ಮತ್ ಎದುರು ಮುಳುಗಿ, ಬಲಮಗ್ಗುಲಿಗೆ 60 ಡಿಗ್ರಿ ವಾಲಿ ಕೆಸರಿನಲ್ಲಿ ಹೂತುಹೋಯಿತು. ಅದರ ನಕ್ಷೆ ಬರೆಯುವವರಿಗೆ ಎರಡು ‘ಮೇಲೆ’ ಇದ್ದವು. ಒಂದು ಭೂಮಿಯದು, ಇನ್ನೊಂದು ಹಡಗಿನದು. ಭೂಮಿಯ ಲೆಕ್ಕದಲ್ಲಿ ಹಡಗಿನ ಅಟ್ಟ ಹೆಚ್ಚುಕಡಿಮೆ ಗೋಡೆ. ಹಡಗಿನ ಲೆಕ್ಕದಲ್ಲಿ ಅದು ಅಟ್ಟವೇ.

ಯಾವುದು ಸರಿ? ಎರಡೂ. ಬಿಲ್ಲುಗಾರರು ಎಲ್ಲಿ ನಿಂತಿದ್ದರು ಎಂದು ಕೇಳಿದರೆ ಹಡಗಿನ ಲೆಕ್ಕ ಬೇಕು. ಮುಳುಗುವಾಗ ಫಿರಂಗಿ ಯಾವ ಕಡೆ ಉರುಳಿತು, ಕೆಸರು ಎಲ್ಲಿಂದ ತುಂಬಿತು ಎಂದು ಕೇಳಿದರೆ ಭೂಮಿಯ ಲೆಕ್ಕ ಬೇಕು. 1982ರ ಅಕ್ಟೋಬರ್ 11ರಂದು ಹಡಗನ್ನು ಮೇಲೆತ್ತಿದ್ದು ವಾಲಿದ ಭಂಗಿಯಲ್ಲೇ. 1985ರಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರು. ಮರದ ಹಡಗಿಗೆ ಅಷ್ಟು ಕಷ್ಟದ ಆ ಕೆಲಸ ಪರದೆಯ ಮೇಲೆ ಒಂದು ಕ್ಷಣದ್ದು. ಅದಕ್ಕೇ ಅದನ್ನು ಯಾರು ಯಾವಾಗ ಮಾಡಿದರು ಎಂದು ಬರೆದಿಡುವವರು ಕಡಿಮೆ.

ತುರ್ಕಿಯದೇ ಇನ್ನೊಂದು ಹಡಗು, ಉಲುಬುರುನ್, ಕ್ರಿಸ್ತಪೂರ್ವ 14ನೇ ಶತಮಾನದ್ದು. 44ರಿಂದ 52 ಮೀಟರ್ ಆಳದ ಇಳಿಜಾರಿನಲ್ಲಿ ಬಲಕ್ಕೆ 15 ಡಿಗ್ರಿ ವಾಲಿತ್ತು. ಒಳಗಿದ್ದ ತಾಮ್ರವೇ ಹತ್ತು ಟನ್. ಸರಕಿನಲ್ಲಿ ಒಂದಷ್ಟು 61 ಮೀಟರ್ ಆಳದವರೆಗೆ ಜಾರಿಹೋಗಿತ್ತು. ನಾವಿಕರು ಜೋಡಿಸಿಟ್ಟದ್ದು ಯಾವುದು, ಆಮೇಲೆ ಜಾರಿದ್ದು ಯಾವುದು ಎಂದು ಬೇರ್ಪಡಿಸಬೇಕಾದರೆ ಇಳುಕಲು ಯಾವ ಕಡೆಗಿತ್ತು ಎಂಬುದು ನಿಖರವಾಗಿ ಗೊತ್ತಿರಬೇಕು.

ದ್ವಾರಕೆಯ ಕಲ್ಲುಗಳು

ನಮ್ಮಲ್ಲಿ ಈ ಪ್ರಶ್ನೆ ಎಲ್ಲಕ್ಕಿಂತ ಬಿಸಿಯಾಗಿರುವುದು ದ್ವಾರಕೆಯಲ್ಲಿ. ಹರಪ್ಪ ಕಾಲದ ಲೋಥಲ್ ನಗರವನ್ನು ಬೆಳಕಿಗೆ ತಂದ ಕನ್ನಡಿಗ ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್.ಆರ್. ರಾವ್, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ನೀರಡಿಯ ಪುರಾತತ್ವಕ್ಕೆ ಅಡಿಪಾಯ ಹಾಕಿದವರು. 1980ರ ದಶಕದಲ್ಲಿ ಅವರ ತಂಡ ದ್ವಾರಕೆಯ ಕಡಲಿಗಿಳಿದಾಗ ಡಿಜಿಟಲ್ ಕ್ಯಾಮೆರಾ ಇರಲಿಲ್ಲ, ಫೋಟೊದಿಂದ ಮಾದರಿ ಕಟ್ಟುವ ಸಾಫ್ಟ್‌ವೇರ್ ಇರಲಿಲ್ಲ. ಟೇಪು, ಸ್ಲೇಟು, ಚಿತ್ರ. ಕಲ್ಲಿನ ಲಂಗರುಗಳು ಬಹಳ ಸಿಕ್ಕವು, ಕೆತ್ತಿದ ಕಲ್ಲುಗಳ ಸಾಲುಗಳೂ ಸಿಕ್ಕವು. ಅವು ಯಾವ ಕಾಲದವು, ಯಾವುದಕ್ಕಾಗಿ ಕಟ್ಟಿದವು ಎಂಬುದರ ಬಗ್ಗೆ ವಿದ್ವಾಂಸರ ವಾದ ಇಂದಿಗೂ ನಿಂತಿಲ್ಲ. 2025ರ ಫೆಬ್ರುವರಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಮುಳುಗುಗಾರರು ಮತ್ತೆ ಅಲ್ಲಿಗಿಳಿದಿದ್ದಾರೆ.

ಕಾಲದ ವಾದಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಮಟ್ಟದ ವಾದವೊಂದಿದೆ, ಅದನ್ನು ಹೇಳಲೇಬೇಕು. ಕಲ್ಲುಗಳ ಸಾಲು ಗೋಡೆಯೋ, ಬಿದ್ದ ಗೋಡೆಯೋ, ಇಲ್ಲ ಪ್ರಕೃತಿಯೇ ಸೀಳಿದ ಬಂಡೆಯೋ? ಕೂರಿಸಿದ ಜಾಗದಲ್ಲೇ ಇರುವ ಕಲ್ಲಿನ ಮೇಲ್ಮುಖ ಮಟ್ಟವಾಗಿರುತ್ತದೆ. ಬಿದ್ದದ್ದು ಒಂದೊಂದೂ ಒಂದೊಂದು ಕಡೆ ವಾಲಿರುತ್ತದೆ. ಪದರುಗಲ್ಲು ಸೀಳಿದ್ದಾದರೆ ಎಲ್ಲವೂ ಒಂದೇ ಕಡೆ, ಒಂದೇ ಕೋನದಲ್ಲಿ ವಾಲಿರುತ್ತವೆ. ಮಾದರಿ ಕಟ್ಟಿದರೆ ಈ ಮೂರರಲ್ಲಿ ಯಾವುದು ಎಂದು ಅಳೆದೇ ಹೇಳಬಹುದು.

ಒಂದು ಷರತ್ತಿನ ಮೇಲೆ. ‘ಮೇಲೆ’ ಎಂಬುದು ಆ ಕಲ್ಲುಗಳಿಂದ ಬಂದಿರಬಾರದು. ಆಳ ಅಳೆಯದೆ ಬಂದವರು, ಕಲ್ಲಿನ ಸಾಲು ಹೇಗೂ ಮಟ್ಟವಾಗಿಯೇ ಕಟ್ಟಿರುತ್ತಾರೆ ಎಂದುಕೊಂಡು ಅದಕ್ಕೇ ಮಾದರಿಯನ್ನು ಹೊಂದಿಸಿದರೆ, ಪರದೆಯ ಮೇಲೆ ಸೊಗಸಾದ ಮಟ್ಟದ ಗೋಡೆ ಬರುತ್ತದೆ. ಅದನ್ನು ನೋಡಿ ‘ಎಷ್ಟು ಮಟ್ಟಸವಾಗಿ ಕಟ್ಟಿದ್ದಾರೆ ನೋಡಿ’ ಎನ್ನಬಹುದು. ಸಾಬೀತು ಮಾಡಬೇಕಾದ್ದನ್ನು ಮೊದಲೇ ಒಪ್ಪಿಕೊಂಡು ಆಮೇಲೆ ಸಾಬೀತು ಮಾಡಿದಂತಾಯಿತು. ಸಂಗೀತ ಹಾಕಿ, ಕಡಲತಳವನ್ನು ಗಿರಗಿರ ತಿರುಗಿಸಿ ತೋರಿಸುವ ಟಿ.ವಿ. ಕಾರ್ಯಕ್ರಮಗಳು ಮಾದರಿ ಕಟ್ಟಿದವರು ಈ ಷರತ್ತನ್ನು ಪಾಲಿಸಿದ್ದಾರೋ ಇಲ್ಲವೋ ಎಂದು ಒಂದು ಸಾಲು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಹತ್ತು ವರ್ಷದ ನಂತರ ಬರುವವರಿಗೆ

ಹವಳದವರ ಕಷ್ಟ ಬೇರೆ. ಅವರು ಅದೇ ತುಂಡಿಗೆ ವರ್ಷ ವರ್ಷವೂ ಹಿಂತಿರುಗಬೇಕು. ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯವರು ನೂರು ದ್ವೀಪಗಳ ಯೋಜನೆಯಲ್ಲಿ ಮಾಡುತ್ತಿರುವುದು ಇದನ್ನೇ. 10 ಮೀಟರ್ ಚೌಕದ ತುಂಡುಗಳನ್ನು ಗುರುತಿಸಿ, ಸಾವಿರಾರು ಫೋಟೊ ತೆಗೆದು, ಕೆಲವು ವರ್ಷ ಬಿಟ್ಟು ಮತ್ತೆ ಅಲ್ಲಿಗೇ ಹೋಗುವುದು.

ನಮ್ಮ ಪಕ್ಕದ ಲಕ್ಷದ್ವೀಪದಲ್ಲಿ ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು 1998ರ ಹವಳ ಬಿಳಿಚುವಿಕೆಯ ಕಾಲದಿಂದ ಹವಳದ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿಯಲ್ಲಿ ಆಗ ಶೇ 37ರಷ್ಟಿದ್ದ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 20ಕ್ಕಿಂತ ಕೆಳಗಿಳಿದಿದೆ. 24 ವರ್ಷದ ಆ ಅಂಕಿಗೆ ಬೆಲೆ ಬಂದಿರುವುದು ಉಪಕರಣದಿಂದಲ್ಲ, ಹಿಂದಿನವರು ಹೇಗೆ ಅಳೆದರೆಂದು ಇಂದಿನವರಿಗೆ ಗೊತ್ತಿರುವುದರಿಂದ. 2024ರಲ್ಲಿ ಅಲ್ಲಿ ಮತ್ತೆ ಹವಳ ಬಿಳಿಚಿತು. ಮುಂದಿನ ಲೆಕ್ಕಗಳು ಹೆಚ್ಚು ಹೆಚ್ಚಾಗಿ ಫೋಟೊ ಮಾದರಿಗಳಿಂದಲೇ ಬರಲಿವೆ.

ಎರಡು ವರ್ಷಗಳ ಮಾದರಿಗಳನ್ನು ಒಂದರ ಮೇಲೊಂದು ಕೂರಿಸಿ, ಬದಲಾಗದ ಬಂಡೆಗಳನ್ನು ಹೊಂದಿಸಿ, ಉಳಿದದ್ದನ್ನು ಬೆಳವಣಿಗೆ ಎಂದು ಓದಬಹುದು. ಬೆಳವಣಿಗೆಯ ಮಟ್ಟಿಗೆ ಅದು ಸರಿ. ಎರಡೂ ಒಟ್ಟಿಗೇ ಓರೆಯಾಗಿದ್ದರೂ ನಡುವಿನ ವ್ಯತ್ಯಾಸ ಕೆಡುವುದಿಲ್ಲ. ಇಳಿಜಾರು ಮಾತ್ರ ಆಗಲೂ ಗೊತ್ತಾಗುವುದಿಲ್ಲ. ಎರಡರಲ್ಲಿ ಒಂದಕ್ಕಾದರೂ ಯಾರಾದರೂ ಆಳ ಬರೆದುಕೊಂಡು ಬಂದಿರಬೇಕು.

ಹಾಗೆ ಬಂದಿದ್ದರೆ ಹಳೆಯದಕ್ಕೂ ಬಿಡುಗಡೆ ಇದೆ. ಹತ್ತು ವರ್ಷ ಹಿಂದೆ ಯಾರೋ ಆಳ ಬರೆಯದೆ ತೆಗೆದ ಫೋಟೊಗಳಿಂದ ಕಟ್ಟಿದ ಮಾದರಿಯನ್ನು, ಇಂದು ಸರಿಯಾಗಿ ನಿಲ್ಲಿಸಿದ ಮಾದರಿಗೆ ಅಲುಗದ ಬಂಡೆಗಳ ಆಧಾರದಿಂದ ಹೊಂದಿಸಿದರೆ ಅದೂ ನೆಟ್ಟಗಾಗುತ್ತದೆ. ಹಳೆಯ ಉತ್ಖನನಗಳ ಫಿಲ್ಮುಗಳನ್ನು ಸ್ಕ್ಯಾನ್ ಮಾಡಿ ಮಾದರಿ ಕಟ್ಟುವ ಪ್ರಯತ್ನಗಳೂ ಈಗ ನಡೆದಿವೆ. ಅಂಥ ಕಡೆ ಬಂಡೆಯ ಆಧಾರವೂ ಸಿಗುವುದಿಲ್ಲ. ಹಡಗನ್ನು ಎತ್ತಿಯಾಗಿದೆ, ನೆಲವನ್ನು ಅಗೆದಾಗಿದೆ, ಮತ್ತೆ ಹೋಗಿ ಅಳೆಯಲು ಅಲ್ಲಿ ಏನೂ ಉಳಿದಿಲ್ಲ. ಫೋಟೊದ ಅಂಚಿನಲ್ಲಿ ಮಟ್ಟ ಮಾಡಿದ ಕಬ್ಬಿಣದ ಚೌಕಟ್ಟೊಂದು ಬಿದ್ದಿದ್ದರೆ ಗಾತ್ರವನ್ನೂ ‘ಮೇಲೆ’ಯನ್ನೂ ಅದರಿಂದಲೇ ಹಿಡಿಯಬಹುದು. ಇಲ್ಲದಿದ್ದರೆ ಆ ಕಾಲದ ದಿನಚರಿಯಲ್ಲಿ ಯಾರಾದರೂ ನಾಲ್ಕು ಆಳಗಳನ್ನು ಬರೆದಿದ್ದಾರೆಯೇ ಎಂದು ಪುಟ ತಿರುವಬೇಕು.